ಆಪ್ತನ ಪರೀಕ್ಷೆ: ಶ್ರದ್ಧೆಗೆ ಸಾಕ್ಷ್ಯ ಬೇಕೆ?

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಜೈನ ಮನೆತನಗಳ ಮಕ್ಕಳಿಗೆ ಶಾಲೆಯ ಗೆಳೆಯರಿಂದ ಎದುರಾಗುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಊಟದ ಡಬ್ಬಿಯನ್ನು ಕುರಿತದ್ದು. ಎರಡನೆಯದು ಅದಕ್ಕಿಂತ ಕಠಿಣ: ನಿಮ್ಮ ದೇವರು ಯಾರು, ಅವನು ಇದ್ದಾನೆಂಬುದಕ್ಕೆ ಏನು ಆಧಾರ? ಮಗು ಆ ಪ್ರಶ್ನೆಯನ್ನು ಮನೆಗೆ ಹೊತ್ತು ತರುತ್ತದೆ. ಭಗವಂತನ ವಿಷಯದಲ್ಲಿ ಹಾಗೆಲ್ಲ ಕೇಳಬಾರದು, ಸುಮ್ಮನೆ ಕೈಮುಗಿ ಎಂದು ಅಜ್ಜಿ ಹೇಳುತ್ತಾರೆ. ನಮ್ಮದು ವೈಜ್ಞಾನಿಕ ಧರ್ಮ, ಅದರಲ್ಲಿ ಎಲ್ಲದಕ್ಕೂ ಆಧಾರವಿದೆ ಎಂದು ತಂದೆ ಹೇಳುತ್ತಾರೆ. ಮೊದಲ ಉತ್ತರ ಕೇಳಿದವನ ಬಾಯಿ ಮುಚ್ಚಿಸುತ್ತದೆ. ಎರಡನೆಯದು ತೀರಿಸಲಾಗದ ಸಾಲದ ಪತ್ರಕ್ಕೆ ಸಹಿ ಹಾಕುತ್ತದೆ. ಜೈನ ಆಚಾರ್ಯರು ಈ ಪ್ರಶ್ನೆಗೆ ಕೊಟ್ಟ ಉತ್ತರ ಇವೆರಡೂ ಅಲ್ಲ. ಅವರು ಕೊಟ್ಟ ಉತ್ತರ ಯಾವುದು, ಅದನ್ನು ಇಂದಿನ ಸಮಾಜ ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂಬುದೇ ಈ ಉಪನ್ಯಾಸದ ವಿಷಯ.

ಪ್ರಶ್ನೆಯ ಸುಲಭವಾದ ಅರ್ಧವನ್ನು ಮೊದಲು ನೋಡಬಹುದು. ಜಗತ್ತನ್ನು ಸೃಷ್ಟಿಸಿ, ಪಾಲಿಸಿ, ದಂಡಿಸುವ ಈಶ್ವರನೊಬ್ಬನಿದ್ದಾನೆಯೇ? ಇದಕ್ಕೆ ಸಾಕ್ಷ್ಯ ಒದಗಿಸುವ ಹೊಣೆ ಜೈನರದಲ್ಲ, ಏಕೆಂದರೆ ಆ ಮಾತನ್ನು ಅವರು ಆಡಿಯೇ ಇಲ್ಲ. ಹೊಣೆಯನ್ನು ಹೊತ್ತವರು ನೈಯಾಯಿಕರು. ಮಡಕೆಯನ್ನು ಕಂಡರೆ ಕುಂಬಾರನನ್ನು ಊಹಿಸುತ್ತೇವೆ. ಜಗತ್ತೂ ಒಂದು ಕಾರ್ಯ. ಆದುದರಿಂದ ಅದಕ್ಕೂ ಒಬ್ಬ ಕರ್ತೃವಿರಬೇಕು ಎಂಬುದು ಅವರ ಅನುಮಾನ. ಉದಯನನ ನ್ಯಾಯಕುಸುಮಾಂಜಲಿಯಲ್ಲಿ ಈ ವಾದ ತನ್ನ ಪ್ರೌಢ ರೂಪವನ್ನು ಪಡೆಯಿತು. ಆದರೆ ಉದಯನನಿಗಿಂತ ಮೊದಲೇ, 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗುರುವೆಂದು ಪ್ರಸಿದ್ಧರಾದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಇಂಥ ವಾದದ ಒಂದೊಂದು ಕೀಲನ್ನೂ ಸಡಿಲಿಸಿ ತೋರಿಸಿದ್ದರು. ಕುಂಬಾರನಿಗೆ ಕೈಗಳಿವೆ; ಅಶರೀರನಾದ ಈಶ್ವರ ಯಾವುದರಿಂದ ಮಾಡಿದ? ಶರೀರವಿದ್ದರೆ ಅದನ್ನು ಯಾರು ಮಾಡಿದರು? ಕುಂಬಾರನಿಗೆ ಮಣ್ಣು ಮೊದಲೇ ಇತ್ತು. ಈಶ್ವರನಿಗೆ ದ್ರವ್ಯ ಎಲ್ಲಿಂದ ಬಂತು? ಅವನು ಪರಿಪೂರ್ಣನಾದರೆ ಸೃಷ್ಟಿಸುವ ಬಯಕೆ ಏಕೆ ಹುಟ್ಟಿತು? ಕರುಣೆಯಿಂದ ಸೃಷ್ಟಿಸಿದನೆಂದರೆ ಲೋಕದಲ್ಲಿ ದುಃಖವೇಕೆ? ಜೀವಿಗಳ ಕರ್ಮಕ್ಕೆ ತಕ್ಕಂತೆ ಫಲ ಕೊಡುತ್ತಾನೆಂದರೆ, ಕರ್ಮವೇ ಸಾಲದೆ, ನಡುವೆ ಅವನ ಕೆಲಸವೇನು? ಕಾರ್ಲ್ ಸಗಾನ್ ತಮ್ಮ ‘ಕಾಸ್ಮಾಸ್’ ಗ್ರಂಥದಲ್ಲಿ ಈ ಭಾಗದ ಕೆಲವು ಸಾಲುಗಳನ್ನು ಎತ್ತಿಕೊಂಡ ಮೇಲೆ ಅವು ಪ್ರಪಂಚವೆಲ್ಲ ಸುತ್ತಿದವು. ಈಗ ವಾಟ್ಸಾಪಿನಲ್ಲೂ ಸುತ್ತುತ್ತಿವೆ, ಹಲವು ಬಾರಿ ಜಿನಸೇನರ ಹೆಸರೇ ಇಲ್ಲದೆ.

ಸ್ವತಂತ್ರ ಭಾರತದ ನ್ಯಾಯಾಂಗವೂ ಈ ಸಂಗತಿಯನ್ನು ಗಮನಿಸಿದೆ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ವ್ಯಾಜ್ಯ ಮಠದ ಆಡಳಿತ ಮತ್ತು ಆದಾಯದ ಮೇಲೆ ಮದರಾಸು ಸರಕಾರದ ಹಿಡಿತವನ್ನು ಕುರಿತದ್ದು. ಆದರೆ ತೀರ್ಪು ಕೊಡುವ ಮೊದಲು ಧರ್ಮವೆಂದರೇನು ಎಂಬುದನ್ನು ನ್ಯಾಯಮೂರ್ತಿಗಳು ಹೇಳಬೇಕಾಯಿತು. ಧರ್ಮವೆನಿಸಿಕೊಳ್ಳಲು ದೇವರ ನಂಬಿಕೆ ಇರಲೇಬೇಕೆಂದಿಲ್ಲ, ದೇವರನ್ನಾಗಲಿ ಚೇತನವುಳ್ಳ ಆದಿಕಾರಣವನ್ನಾಗಲಿ ಒಪ್ಪದ ಬೌದ್ಧ ಮತ್ತು ಜೈನ ಧರ್ಮಗಳು ಈ ದೇಶದಲ್ಲಿ ಪ್ರಸಿದ್ಧವಾಗಿವೆ ಎಂದು ಅವರು ಬರೆದರು. ವೈಷ್ಣವ ಮಠವೊಂದರ ಪ್ರಕರಣದಲ್ಲಿ ಜೈನ ಧರ್ಮ ಹೀಗೆ ಉದಾಹರಣೆಯಾಗಿ ನಿಂತಿತು. ಸಂವಿಧಾನದ 25ನೆಯ ವಿಧಿಯ ರಕ್ಷಣೆ ಪಡೆಯಲು ಈ ದೇಶದಲ್ಲಿ ಯಾರೂ ದೇವರ ಅಸ್ತಿತ್ವಕ್ಕೆ ಸಾಕ್ಷ್ಯ ಹಾಜರುಪಡಿಸಬೇಕಾಗಿಲ್ಲ.

ಸಾಮಾನ್ಯವಾಗಿ ಜೈನ ಸಭೆಗಳಲ್ಲಿ ಚಪ್ಪಾಳೆ ಬೀಳುವುದು ಇಲ್ಲಿಗೆ, ಉಪನ್ಯಾಸ ಮುಗಿಯುವುದೂ ಇಲ್ಲಿಗೆ. ಪಕ್ಕದ ಮನೆಯ ಲೆಕ್ಕದಲ್ಲಿ ತಪ್ಪು ಹುಡುಕಿದ್ದಾಯಿತು. ಆದರೆ ಸೃಷ್ಟಿಕರ್ತನನ್ನು ನಿರಾಕರಿಸಿದ ಆ ಪರಂಪರೆಯೇ ಇನ್ನೊಂದು ಮಹಾವಾಕ್ಯವನ್ನು ಆಡಿದೆ: ಒಬ್ಬ ಮನುಷ್ಯನು ರಾಗದ್ವೇಷಗಳನ್ನು ಪೂರ್ಣವಾಗಿ ಕಳೆದುಕೊಂಡು ಸರ್ವಜ್ಞನಾಗಬಲ್ಲನು, ಹಾಗೆ ಆದವರಿದ್ದಾರೆ, ಅವರ ಮಾತೇ ಆಗಮ. ಇದು ಸಣ್ಣ ಮಾತಲ್ಲ. ಈಶ್ವರವಾದಿಯಿಂದ ಸಾಕ್ಷ್ಯ ಕೇಳಿದವನು ಇದಕ್ಕೂ ಸಾಕ್ಷ್ಯ ಕೊಡಬೇಕು.

ಇದನ್ನು ಬೇರೆ ಯಾರಿಗಿಂತ ಮೊದಲು ಮನಗಂಡವರು ಸ್ವಾಮಿ ಸಮಂತಭದ್ರರು. ಅವರ ಆಪ್ತಮೀಮಾಂಸೆ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಶ್ಲೋಕಗಳ ಚಿಕ್ಕ ಗ್ರಂಥ. ದೇವಾಗಮ ಸ್ತೋತ್ರವೆಂಬ ಇನ್ನೊಂದು ಹೆಸರು ಅದಕ್ಕಿದ್ದರೂ, ಸ್ತೋತ್ರವೆಂದುಕೊಂಡು ತೆರೆದವನು ಮೊದಲ ಶ್ಲೋಕದಲ್ಲೇ ಬೆಚ್ಚಬೇಕು. ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರ ಬೀಸಿಸಿಕೊಳ್ಳುವುದು ಮೊದಲಾದ ವೈಭವಗಳು ಮಾಯಾವಿಗಳಲ್ಲೂ ಕಾಣಿಸುತ್ತವೆ, ಅವುಗಳಿಂದ ಜಿನನು ಪೂಜ್ಯನಾಗುವುದಿಲ್ಲ ಎಂದು ಆಚಾರ್ಯರು ಜಿನನಿಗೇ ಹೇಳುತ್ತಾರೆ. ದೇಹದ ಅತಿಶಯಗಳು ರಾಗವುಳ್ಳ ದೇವತೆಗಳಿಗೂ ಇವೆ, ಅದೂ ಪ್ರಮಾಣವಲ್ಲ. ತೀರ್ಥ ಸ್ಥಾಪಿಸಿದ್ದೂ ಪ್ರಮಾಣವಲ್ಲ, ಏಕೆಂದರೆ ಸ್ಥಾಪಿಸಿದವರು ಹಲವರು, ಅವರ ಮಾತುಗಳು ಒಂದಕ್ಕೊಂದು ವಿರುದ್ಧ. ಪಂಚಕಲ್ಯಾಣಗಳ ಭಿತ್ತಿಪತ್ರಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ವೈಭವವನ್ನೆಲ್ಲ ಆಚಾರ್ಯರು ಮೊದಲ ಮೂರು ಶ್ಲೋಕಗಳಲ್ಲೇ ಸಾಕ್ಷ್ಯದ ಕಡತದಿಂದ ಹೊರಗಿಟ್ಟರು.

ಮತ್ತೆ ಉಳಿದದ್ದೇನು? ಮೂರು ಹೆಜ್ಜೆಗಳು. ರಾಗಾದಿ ದೋಷಗಳು ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ ಇರುವುದರಿಂದ, ಪುಟಕ್ಕೆ ಹಾಕಿದ ಚಿನ್ನದ ಕಿಟ್ಟದಂತೆ, ಎಲ್ಲೋ ಒಂದೆಡೆ ಅವು ಸಂಪೂರ್ಣವಾಗಿ ಅಳಿಯಬಲ್ಲವು ಎಂಬುದು ಮೊದಲನೆಯದು. ಸೂಕ್ಷ್ಮವಾದ, ಮರೆಯಾದ, ದೂರದ ವಸ್ತುಗಳನ್ನು ಅನುಮಾನದಿಂದ ತಿಳಿಯಬಹುದಾದ್ದರಿಂದ ಅವು ಯಾರೋ ಒಬ್ಬನಿಗೆ ಪ್ರತ್ಯಕ್ಷವಾಗಿರಲೇಬೇಕು ಎಂಬುದು ಎರಡನೆಯದು. ಅಂಥವನು ಅರ್ಹಂತನೇ, ಏಕೆಂದರೆ ಅವನ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗುವುದಿಲ್ಲ ಎಂಬುದು ಮೂರನೆಯದು.

ಶ್ರದ್ಧೆಗೆ ಕುಂದು ಬರದಂತೆಯೇ ಹೇಳಬಹುದಾದ ಮಾತೊಂದಿದೆ: ಮೊದಲ ಎರಡು ಹೆಜ್ಜೆಗಳು ಬಲವಾಗಿಲ್ಲ. ಕಡಿಮೆಯಾಗುವುದೆಲ್ಲ ಸೊನ್ನೆಯಾಗಲೇಬೇಕೆಂಬ ನಿಯಮವಿಲ್ಲ. ಅನುಮಾನಕ್ಕೆ ನಿಲುಕಿದ್ದೆಲ್ಲ ಯಾರೋ ಒಬ್ಬರ ಕಣ್ಣಿಗೆ ಬಿದ್ದಿರಲೇಬೇಕೆಂದೂ ಇಲ್ಲ. ಮೀಮಾಂಸಕರು ಈ ಬಿರುಕನ್ನು ಅಂದೇ ಕಂಡಿದ್ದರು. ಬುದ್ಧನನ್ನು ಸರ್ವಜ್ಞನೆಂದು ಒಂದು ಪಂಗಡ ಹೇಳುತ್ತದೆ, ಕಪಿಲನನ್ನು ಇನ್ನೊಂದು, ಅರ್ಹಂತನನ್ನು ಮತ್ತೊಂದು; ಸರ್ವಜ್ಞನನ್ನು ಗುರುತಿಸಲು ಗುರುತಿಸುವವನೂ ಸರ್ವಜ್ಞನಾಗಿರಬೇಕಲ್ಲವೆ ಎಂಬುದು ಅವರ ಪ್ರಶ್ನೆ. ಈ ಮೀಮಾಂಸಕರೂ ಸೃಷ್ಟಿಕರ್ತನನ್ನು ಒಪ್ಪಿದವರಲ್ಲ ಎಂಬುದನ್ನು ಮರೆಯಬಾರದು. ದೇವರನ್ನು ಒಪ್ಪದ ಇಬ್ಬರು ಆಸ್ಥೆಯುಳ್ಳವರು, ಒಬ್ಬರ ಆಸ್ಥೆಗೆ ಇನ್ನೊಬ್ಬರು ಶತಮಾನಗಳ ಕಾಲ ಸಾಕ್ಷ್ಯ ಕೇಳಿದರು. ಭಾರತೀಯ ತತ್ತ್ವಚರ್ಚೆಯಲ್ಲಿ ಇದಕ್ಕಿಂತ ಆರೋಗ್ಯಕರವಾದ ಜಗಳ ಮತ್ತೊಂದಿರಲಾರದು.

ಆದರೆ ಮೂರನೆಯ ಹೆಜ್ಜೆ ಬೇರೆ ಜಾತಿಯದು. ವ್ಯಕ್ತಿಯ ಮಹಿಮೆಯಿಂದ ಮಾತನ್ನು ನಂಬಬೇಡಿ, ಮಾತಿನ ಪರೀಕ್ಷೆಯಿಂದ ವ್ಯಕ್ತಿಯನ್ನು ನಂಬಿ ಎಂದು ಅದು ಹೇಳುತ್ತದೆ. ಈ ಪರೀಕ್ಷೆಗೆ ಸರ್ವಜ್ಞತ್ವ ಬೇಕಿಲ್ಲ. ಕೇಳುವವನ ಬುದ್ಧಿ ಸಾಕು. ಅಕಲಂಕರು ಇದರ ಮೇಲೆ ಅಷ್ಟಶತಿಯನ್ನು ಬರೆದರು, ವಿದ್ಯಾನಂದರು ಅಷ್ಟಸಹಸ್ರಿಯನ್ನು ಬರೆದರು. ವಿದ್ಯಾನಂದರು ಆಪ್ತಪರೀಕ್ಷೆ, ಪ್ರಮಾಣಪರೀಕ್ಷೆ ಎಂದು ಬೇರೆ ಗ್ರಂಥಗಳನ್ನೂ ರಚಿಸಿದರು, ಮಾಣಿಕ್ಯನಂದಿಗಳದು ಪರೀಕ್ಷಾಮುಖ. ಕನ್ನಡದಲ್ಲಿ ಬ್ರಹ್ಮಶಿವನ ಸಮಯಪರೀಕ್ಷೆ ಇದೆ, ವೃತ್ತವಿಲಾಸನ ಧರ್ಮಪರೀಕ್ಷೆ ಇದೆ. ಈ ಎರಡರಲ್ಲೂ ಪರಮತದ ಅಣಕ ಅತಿಯಾಯಿತೆಂಬುದು ನಿಜ. ಅವುಗಳ ನಾಲಗೆ ಇಂದಿನ ಕಾಲಕ್ಕೆ ಹೊಂದುವಂಥದಲ್ಲ. ಆದರೂ ಒಂದು ಸಮಾಜ ತನ್ನ ಧರ್ಮಗ್ರಂಥಗಳಿಗೆ ಇಷ್ಟು ಸಲ ಪರೀಕ್ಷೆ ಎಂಬ ಹೆಸರನ್ನಿಟ್ಟದ್ದು ಕಾಕತಾಳೀಯವಲ್ಲ.

ಇಲ್ಲಿ ಶಾಸ್ತ್ರ ಬಲ್ಲ ಹಿರಿಯರು ಒಂದು ಆಕ್ಷೇಪವನ್ನು ಎತ್ತುವುದುಂಟು. ಅದೇ ಸಮಂತಭದ್ರರ ಹೆಸರಿನ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಃಶಂಕಿತ, ಅಂದರೆ ಶಂಕೆಯಿಲ್ಲದಿರುವುದು. ಹಾಗಿದ್ದ ಮೇಲೆ ಪ್ರಶ್ನೆ ಎಲ್ಲಿಯದು? ಆಕ್ಷೇಪ ಗಂಭೀರವಾದುದು, ಉತ್ತರ ಆ ಗ್ರಂಥದ ಕ್ರಮದಲ್ಲೇ ಇದೆ. ಆಪ್ತನೆಂದರೆ ಯಾರು, ಆಗಮವೆಂದರೆ ಯಾವುದು, ಗುರುವೆಂದರೆ ಯಾರು ಎಂಬ ಲಕ್ಷಣಗಳನ್ನು ಮೊದಲು ಹೇಳಿ, ಆ ಲಕ್ಷಣಗಳಿಗೆ ಒಪ್ಪುವುದರಲ್ಲಿ ಅಲುಗದೆ ನಿಲ್ಲು ಎಂದು ಅನಂತರ ಹೇಳಲಾಗಿದೆ. ಶಂಕೆ ಕಳೆದುಕೊಳ್ಳುವುದು ಬೇರೆ, ಶಂಕೆಯನ್ನು ಅದುಮಿಡುವುದು ಬೇರೆ. ಶ್ವೇತಾಂಬರ ಪರಂಪರೆಯ ಗಣಧರವಾದದಲ್ಲಿ ಹನ್ನೊಂದು ಮಂದಿ ಗಣಧರರೂ ಒಂದೊಂದು ಸಂಶಯವನ್ನು ಹೊತ್ತು ಮಹಾವೀರರ ಬಳಿಗೆ ಬರುತ್ತಾರೆ. ಇಂದ್ರಭೂತಿ ಗೌತಮರ ಸಂಶಯ ಯಾವುದೋ ಸಣ್ಣ ವಿಧಿಯನ್ನು ಕುರಿತದ್ದಲ್ಲ. ಜೀವವೆಂಬುದು ಇದೆಯೋ ಇಲ್ಲವೋ ಎಂಬುದೇ ಅವರ ಸಂಶಯ. ಅಂಥ ಪ್ರಶ್ನೆ ಕೇಳಿದವರೇ ಮೊದಲ ಶಿಷ್ಯರಾದರು. ಇಂದಿನ ಪಾಠಶಾಲೆಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಅದನ್ನೇ ಕೇಳಿದರೆ ಅವಳ ತಾಯಿಗೆ ಫೋನು ಹೋಗುತ್ತದೆ.

ಎಲ್ಲ ನಂಬಿಕೆಗೂ ಒಂದೇ ಬಗೆಯ ಸಾಕ್ಷ್ಯ ಬೇಕೆ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಲೆಕ್ಕಪರಿಶೋಧಕರ ವೃತ್ತಿಯಿಂದ ಒಂದು ಹೋಲಿಕೆಯನ್ನು ತರಬಹುದು. ಆ ವೃತ್ತಿಯ 500ನೆಯ ಮಾನದಂಡ ಸಾಕ್ಷ್ಯವನ್ನು ಕುರಿತದ್ದು: ಸಾಕ್ಷ್ಯ ಸಾಕಷ್ಟಿರಬೇಕು, ಸೂಕ್ತವೂ ಆಗಿರಬೇಕು, ಹೊರಗಿನ ಸ್ವತಂತ್ರ ಮೂಲದಿಂದ ಬಂದದ್ದಕ್ಕೆ ಒಳಗಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಬೆಲೆ, ಮೂಲ ಪತ್ರಕ್ಕೆ ನಕಲಿಗಿಂತ ಹೆಚ್ಚು ಬೆಲೆ. 580ನೆಯ ಮಾನದಂಡದ ಪ್ರಕಾರ, ಕಂಪನಿಯ ಆಡಳಿತವರ್ಗ ಎಲ್ಲವೂ ಸರಿಯಿದೆ ಎಂದು ಲಿಖಿತವಾಗಿ ಕೊಟ್ಟರೂ ಅದೊಂದೇ ಸಾಕಾಗುವ ಸಾಕ್ಷ್ಯವಲ್ಲ. ಆಗಮವನ್ನು ಆಪ್ತನೇ ಹೇಳಿದ, ಆಪ್ತನು ಸರ್ವಜ್ಞನೆಂದು ಆಗಮವೇ ಹೇಳುತ್ತದೆ ಎಂಬ ವಾದ ಈ 580ರ ಬಾಗಿಲಲ್ಲಿ ನಿಂತುಹೋಗುತ್ತದೆ. ಸಮಂತಭದ್ರರು ಮಾತಿನ ಪರೀಕ್ಷೆಗೆ ಇಳಿದದ್ದೂ ಆ ಸುತ್ತಿನಿಂದ ಹೊರಬರುವುದಕ್ಕಾಗಿಯೇ.

ಆದರೆ ಅದೇ ವೃತ್ತಿಯಲ್ಲಿ ಇನ್ನೊಂದು ವಿಷಯವಿದೆ, ಅದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಪ್ರತಿಯೊಂದು ಸಂಸ್ಥೆಯ ಲೆಕ್ಕವೂ ಒಂದು ನಂಬಿಕೆಯ ಮೇಲೆ ನಿಂತಿರುತ್ತದೆ: ಈ ಸಂಸ್ಥೆ ಮುಂದೆಯೂ ನಡೆಯುತ್ತದೆ. ಗೋಯಿಂಗ್ ಕನ್ಸರ್ನ್ ಎನ್ನುವುದು ಇದನ್ನೇ. ಮುಂದಿನ ವರ್ಷ ಅಂಗಡಿ ತೆರೆದಿರುತ್ತದೆ ಎಂಬುದಕ್ಕೆ ಇಂದು ಯಾರೂ ಪುರಾವೆ ಕೊಡಲಾರರು. ಆದರೂ ಆ ನಂಬಿಕೆಯಿಲ್ಲದೆ ಕಟ್ಟಡದ ಬೆಲೆಯನ್ನಾಗಲಿ, ಕೊಟ್ಟ ಸಾಲವನ್ನಾಗಲಿ, ಗೋದಾಮಿನ ಸರಕನ್ನಾಗಲಿ ಬರೆಯಲು ಬರುವುದಿಲ್ಲ. ಇದು ಪುರಾವೆಯಿಲ್ಲದ ನಂಬಿಕೆ, ಆದರೆ ಕುರುಡು ನಂಬಿಕೆಯಲ್ಲ. 570ನೆಯ ಮಾನದಂಡದ ಪ್ರಕಾರ ಪರಿಶೋಧಕನು ಪ್ರತಿ ವರ್ಷವೂ ಅದನ್ನು ಪರಿಶೀಲಿಸಬೇಕು. ಸಾಲ ತೀರಿಸಲಾಗದ ಸ್ಥಿತಿ, ಕೈಬಿಟ್ಟ ದೊಡ್ಡ ಗಿರಾಕಿ, ನಿಲ್ಲದ ನಷ್ಟ ಇಂಥ ವಿರುದ್ಧ ಚಿಹ್ನೆಗಳು ಕಂಡರೆ ಮರೆಮಾಚದೆ ಬರೆಯಬೇಕು.

ಜೀವವಿದೆ, ಅದು ಕರ್ಮದಿಂದ ಬಿಡುಗಡೆ ಹೊಂದಬಲ್ಲದು ಎಂಬ ಶ್ರದ್ಧೆಯನ್ನು ಈ ಬಗೆಯದೆಂದು ತಿಳಿಯುವುದು ಪ್ರಾಮಾಣಿಕವಾದ ದಾರಿ. ಅದಕ್ಕೆ ಪ್ರಯೋಗಶಾಲೆಯ ಪುರಾವೆ ಇಲ್ಲ, ಇದೆಯೆಂದು ಹೇಳಿಕೊಳ್ಳಲೂ ಬಾರದು. ಅಣುವ್ರತ ಹಿಡಿದು ಬದುಕಲು ಹೊರಟವನು ಆ ಶ್ರದ್ಧೆಯ ಮೇಲೆ ತನ್ನ ಬಾಳಿನ ಲೆಕ್ಕವನ್ನು ಬರೆಯುತ್ತಾನೆ. ಕೋಪ ಇಳಿದಾಗ ಮನಸ್ಸು ಹಗುರಾಗುತ್ತದೆಯೇ, ಪರಿಗ್ರಹಕ್ಕೆ ಮಿತಿ ಹಾಕಿದಾಗ ಭಯ ಕಡಿಮೆಯಾಗುತ್ತದೆಯೇ ಎಂಬುದು ಅವನಿಗೆ ವರ್ಷದಿಂದ ವರ್ಷಕ್ಕೆ ತಿಳಿಯುವ ಸಂಗತಿ. ಅದು ಮೋಕ್ಷಕ್ಕೆ ಪುರಾವೆಯಾಗುವುದಿಲ್ಲ. ಆದರೆ ದಾರಿ ತಪ್ಪಿದ್ದರೆ ತೋರಿಸಿಕೊಡುವಷ್ಟು ಶಕ್ತಿ ಅದಕ್ಕಿದೆ.

ತಂದೆ ಕೊಟ್ಟ ಉತ್ತರ, ನಮ್ಮದು ವೈಜ್ಞಾನಿಕ ಧರ್ಮ ಎಂಬುದು, ಅಪಾಯಕಾರಿಯಾಗುವುದು ಇಲ್ಲಿಯೇ. ಸಸ್ಯಗಳಿಗೆ ಜೀವವಿದೆಯೆಂದು ಜೈನರು ಎಂದೋ ಹೇಳಿದ್ದರು, ಜಗದೀಶಚಂದ್ರ ಬೋಸರು ಅದನ್ನು ತೋರಿಸಿಕೊಟ್ಟರು. ನಿಗೋದ ಜೀವಗಳೆಂದರೆ ಇಂದಿನ ಸೂಕ್ಷ್ಮಾಣುಗಳೇ. ನೀರು ಸೋಸಿ ಕುಡಿಯುವುದು ವೈದ್ಯಶಾಸ್ತ್ರವೇ ಎಂದು ಪುಸ್ತಿಕೆಗಳು ಬರುತ್ತಿವೆ. ಸರಿ, ಜಮಾ ಬದಿಯಲ್ಲಿ ಇವನ್ನು ಬರೆದುಕೊಳ್ಳೋಣವೆಂದರೆ ಖರ್ಚಿನ ಬದಿಯನ್ನೂ ಬರೆಯಬೇಕಲ್ಲ? ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ, ನಡುವೆ ಮೇರು, ಅದರ ಸುತ್ತ ಎರಡು ಸೂರ್ಯರು, ಇಬ್ಬರು ಚಂದ್ರರು ಎಂದು ಲೋಕವರ್ಣನೆಯ ಗ್ರಂಥಗಳು ಹೇಳುತ್ತವೆ. ಆರನೆಯ ತರಗತಿಯ ಹುಡುಗನಿಗೆ ಅದು ತಪ್ಪೆಂದು ಗೊತ್ತು. ಲಾಭ ತೋರಿದಾಗ ವಿಜ್ಞಾನವನ್ನು ಸಾಕ್ಷಿಗೆ ಕರೆದು, ನಷ್ಟ ತೋರಿದಾಗ ಅದು ಶ್ರದ್ಧೆಯ ವಿಷಯ ಎನ್ನುವ ಲೆಕ್ಕವನ್ನು ಯಾವ ಪರಿಶೋಧಕನೂ ಒಪ್ಪುವುದಿಲ್ಲ, ಆ ಹುಡುಗನೂ ಒಪ್ಪುವುದಿಲ್ಲ. ಅವನು ಒಪ್ಪದೆ ಸುಮ್ಮನಾಗುತ್ತಾನೆ, ಬಸದಿಗೆ ಬರುವುದನ್ನು ಬಿಡುತ್ತಾನೆ. ಅನೇಕಾಂತದ ಹೆಸರಿನಲ್ಲಿ ಎರಡು ಸೂರ್ಯರೂ ಒಂದು ದೃಷ್ಟಿಯಿಂದ ನಿಜವೇ ಎಂದು ಜಾರಿಕೊಳ್ಳುವುದಂತೂ ಅಕಲಂಕರಿಗೆ ಮಾಡುವ ಅವಮಾನ.

ಆ ಹುಡುಗನಿಗೆ ಹೇಳಬೇಕಾದದ್ದು ಪರಂಪರೆಯ ಒಳಗೇ ಇದೆ. ದಿಗಂಬರ ಪರಂಪರೆಯ ಪ್ರಕಾರ ಜಂಬೂಸ್ವಾಮಿಯ ಅನಂತರ ಈ ಭರತಕ್ಷೇತ್ರದಲ್ಲಿ ಕೇವಲಜ್ಞಾನಿಗಳಿಲ್ಲ. ಅಂಗಗಳ ಜ್ಞಾನ ಕಾಲಕ್ರಮದಲ್ಲಿ ಕ್ಷೀಣಿಸಿತು. ಇಂದು ಕೈಯಲ್ಲಿರುವ ಗ್ರಂಥಗಳನ್ನು ಬರೆದವರು ಸರ್ವಜ್ಞರಲ್ಲದ ಆಚಾರ್ಯರು. ಮೂಲ ವೋಚರುಗಳು ಕಳೆದುಹೋಗಿವೆ ಎಂದು ಮನೆಯವರೇ ಒಪ್ಪಿಕೊಂಡ ಲೆಕ್ಕವಿದು. ದ್ರವ್ಯಸಂಗ್ರಹವನ್ನು ಬರೆದ ನೇಮಿಚಂದ್ರ ಮುನಿಗಳು ಕೊನೆಯ ಗಾಹೆಯಲ್ಲಿ, ಅಲ್ಪಶ್ರುತನಾದ ತಾನು ಬರೆದದ್ದನ್ನು ಹೆಚ್ಚು ಬಲ್ಲ ಮುನಿಗಳು ತಿದ್ದಲಿ ಎಂದು ಕೋರಿಕೊಂಡರು. ತಿದ್ದಲಿ ಎಂದು ಬರೆದವರ ಗ್ರಂಥವನ್ನು ತಿದ್ದಬಾರದೆಂದು ಪಟ್ಟು ಹಿಡಿಯುವವರು ಅವರ ಮೇಲಿನ ಭಕ್ತಿಯಿಂದಲೇ ಅವರ ಮಾತನ್ನು ಮೀರುತ್ತಿದ್ದಾರೆ.

ಸಾಕ್ಷ್ಯವೇ ಪೂಜೆಯ ವಸ್ತುವಾದರೆ ಏನಾಗುತ್ತದೆ ಎಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತ ಬಸದಿಯ ಚರಿತ್ರೆಯೇ ನಿದರ್ಶನ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ಅಲ್ಲಿದ್ದವು. ಯಾತ್ರಿಕರು ದೂರದಿಂದ ಬಂದು ಆ ಕಟ್ಟುಗಳ ದರ್ಶನ ಮಾಡಿ, ಅರ್ಘ್ಯ ಎತ್ತಿ ಹೋಗುತ್ತಿದ್ದರು. ಓದಿದವರು ಬಹಳ ಕಡಿಮೆ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಯ ಕೆಲಸ ಪ್ರಾರಂಭವಾದಾಗಲೂ, ಶಾಸ್ತ್ರವನ್ನು ಅಚ್ಚು ಹಾಕಿಸಿದರೆ ಅವಿನಯವಾಗುತ್ತದೆ ಎನ್ನುವವರಿದ್ದರು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಆ ಕಾರ್ಯಕ್ಕೆ ನೆರವಾದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪಾಠ ಹೇಳುತ್ತಿದ್ದ ಡಾ. ಆದಿನಾಥ ಉಪಾಧ್ಯೆಯವರೂ ಒಬ್ಬರು. ಈ ವಿದ್ವಾಂಸರಿಗೆ ಶ್ರದ್ಧೆ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಅರ್ಘ್ಯ ಎತ್ತಿದವರಿಗಿಂತ ಓದಿದವರಿಂದಲೇ ಆ ಗ್ರಂಥ ಉಳಿಯಿತು.

ಇನ್ನು ಪರೀಕ್ಷೆ ನಿಜವಾಗಿ ಬೇಕಾದ, ಆದರೆ ಯಾರೂ ಮಾಡದ ಸ್ಥಳಕ್ಕೆ ಬರಬಹುದು. ವರ ಸಿಗಲೆಂಬ ಆಸೆಯಿಂದ, ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದನ್ನು ರತ್ನಕರಂಡಕ ದೇವಮೂಢತೆ ಎಂದು ಕರೆಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹಾಲ್ ಟಿಕೆಟ್ಟನ್ನು ಪದ್ಮಾವತಿಯ ಮುಂದಿಟ್ಟು ಕೈಮುಗಿಯುವ ತಾಯಿಯನ್ನು ಆ ಮಾತಿನಿಂದ ಹೊಡೆಯಬೇಕಾಗಿಲ್ಲ. ಅದು ಆತಂಕದ ಮಾತು, ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಕಸಿದುಕೊಂಡಿಲ್ಲ. ಆದರೆ ಇಂಥ ವಿಧಾನ ಮಾಡಿಸಿದರೆ ಇಷ್ಟು ದಿನದಲ್ಲಿ ವ್ಯಾಪಾರ ಕುದುರುತ್ತದೆ, ಇಂಥ ಯಂತ್ರ ಕಟ್ಟಿದರೆ ರೋಗ ಹೋಗುತ್ತದೆ ಎಂದು ಹೇಳಿ ಹಣ ಪಡೆಯುವವನು ಶ್ರದ್ಧೆಯ ಮಾತನ್ನಾಡುತ್ತಿಲ್ಲ, ಸರಕಿನ ಮಾತನ್ನಾಡುತ್ತಿದ್ದಾನೆ. ಸರಕಿಗೆ ಸಾಕ್ಷ್ಯ ಕೇಳುವುದು ಕೊಳ್ಳುವವನ ಹಕ್ಕು.

ಅದಕ್ಕಿಂತ ಸೋಜಿಗದ ಸಂಗತಿ ವಾರ್ಷಿಕ ಸಭೆಗಳಲ್ಲಿ ನಡೆಯುತ್ತದೆ. ಪಂಚಕಲ್ಯಾಣದ ಸವಾಲಿನಲ್ಲಿ ಇಂದ್ರ ಪದವಿಗೆ ಲಕ್ಷಗಳು ಕೂಗಲ್ಪಡುತ್ತವೆ. ಕೂಗಿದ ಹಣ ಕೂಗಿದ ದಿನದ ಆದಾಯವೋ, ಕೈಗೆ ಬಂದ ದಿನದ ಆದಾಯವೋ ಎಂಬುದು ಲೆಕ್ಕಿಗರಿಗೆ ಹಳೆಯ ತಲೆನೋವು; ಕೆಲವು ಇಂದ್ರರ ಬಾಕಿ ಮುಂದಿನ ಪಂಚಕಲ್ಯಾಣದವರೆಗೂ ನಿಲ್ಲುತ್ತದೆ. ಸದಸ್ಯನೊಬ್ಬ ಎದ್ದು, ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು, ರಸೀದಿಗಳೆಲ್ಲಿ ಎಂದು ಕೇಳಿದರೆ ವೇದಿಕೆಯಿಂದ ಉತ್ತರ ಬರುತ್ತದೆ: ದೇವರ ಹಣದ ಲೆಕ್ಕ ಕೇಳುತ್ತೀರಾ? ಸೃಷ್ಟಿಕರ್ತನನ್ನು ಸಾವಿರ ವರ್ಷದ ಹಿಂದೆಯೇ ವಾದದಲ್ಲಿ ಸೋಲಿಸಿದ ಧರ್ಮದಲ್ಲಿ, ರಸೀದಿ ಕೇಳಿದ ಕ್ಷಣಕ್ಕೆ ಸರಿಯಾಗಿ ದೇವರು ಅವತರಿಸುತ್ತಾನೆ. ವೀತರಾಗನಾದ ಜಿನನಿಗೆ ಹಣವಿಲ್ಲ. ಆ ಹಣ ಸಮಾಜದ್ದು, ಅದರ ಲೆಕ್ಕಕ್ಕೆ 580ರ ಬಗೆಯ ಮಾತು ಸಾಲದು, 500ರ ಬಗೆಯ ಸಾಕ್ಷ್ಯವೇ ಬೇಕು. ನಿಃಶಂಕಿತ ಅಂಗ ಆಪ್ತ, ಆಗಮ, ತತ್ತ್ವಗಳಿಗೆ ಹೇಳಿದ್ದು. ಕಮಿಟಿಗಳಿಗೆ ಅದು ಅನ್ವಯಿಸುವುದಿಲ್ಲ.

ಕೊನೆಯದಾಗಿ, ಹಣಕ್ಕಿಂತ ದೊಡ್ಡದಾದ ಒಂದು ವಿಷಯ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾ ಅಥವಾ ಸಲ್ಲೇಖನವನ್ನು ಅಪರಾಧವೆಂದು ಪರಿಗಣಿಸಬೇಕೆಂದು ತೀರ್ಪಿತ್ತಿತು. ಅದು ಧರ್ಮದ ಅವಶ್ಯ ಆಚರಣೆಯೆಂಬುದು ಸಿದ್ಧವಾಗಿಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ಆಧಾರ. ದೇಶದ ಅನೇಕ ನಗರಗಳಲ್ಲಿ ಜೈನರು ಮೌನ ಮೆರವಣಿಗೆ ಹೊರಟರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಧರ್ಮದ ಒಂದು ಆಚರಣೆ ಅವಶ್ಯವೋ ಅಲ್ಲವೋ ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ನಿರ್ಣಯಿಸಬೇಕು ಎಂಬ ಸೂತ್ರವೂ ಅದೇ ಶಿರೂರು ಮಠದ ತೀರ್ಪಿನಿಂದ ಬಂದದ್ದು. ಹೀಗಾಗಿ, ದೇವರಿಗೆ ಸಾಕ್ಷ್ಯ ಕೇಳದ ರಾಜ್ಯ ಶಾಸ್ತ್ರಕ್ಕೆ ಸಾಕ್ಷ್ಯ ಕೇಳುತ್ತದೆ. ನ್ಯಾಯಾಧೀಶರು ಧರ್ಮಶಾಸ್ತ್ರದ ಪಂಡಿತರಾಗಬೇಕಾದ ಈ ಪದ್ಧತಿ ಒಳ್ಳೆಯದಲ್ಲವೆಂದು ವಾದಿಸಲು ಬೇಕಾದಷ್ಟು ಎಡೆಯಿದೆ. ಆದರೆ ಮೆರವಣಿಗೆಯಲ್ಲಿ ನಡೆದವರಲ್ಲಿ ಎಷ್ಟು ಮಂದಿ ಆ ಶಾಸ್ತ್ರವನ್ನು ತೆರೆದು ನೋಡಿದ್ದರು ಎಂಬುದನ್ನೂ ಕೇಳಬೇಕು.

ತೆರೆದು ನೋಡಿದರೆ ಅಲ್ಲಿರುವುದು ಕಠಿಣವಾದ ಷರತ್ತುಗಳ ಪಟ್ಟಿ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಬಂದೊದಗಿದಾಗ ಮಾತ್ರ ಸಲ್ಲೇಖನ ಎಂದು ರತ್ನಕರಂಡಕ ಹೇಳುತ್ತದೆ. ತತ್ತ್ವಾರ್ಥಸೂತ್ರ ಅದರ ಐದು ಅತಿಚಾರಗಳನ್ನು ಎಣಿಸುತ್ತದೆ. ಬದುಕುವ ಆಸೆ ಅದರಲ್ಲೊಂದು ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆದರೆ ಅದರ ಪಕ್ಕದಲ್ಲೇ ಸಾಯುವ ಆಸೆಯೂ ದೋಷವೆಂದು ಬರೆದಿದೆ. ಬೇಸರದಿಂದ, ಒಂಟಿತನದಿಂದ, ಮಕ್ಕಳಿಗೆ ಭಾರವಾದೆನೆಂಬ ಸಂಕೋಚದಿಂದ ಸಾವನ್ನು ಬಯಸಿದವರ ಉಪವಾಸ ಆ ಸೂತ್ರದ ಪ್ರಕಾರವೇ ಸಲ್ಲೇಖನವೆನಿಸುವುದಿಲ್ಲ. ಅಂಥವರಿಗೆ ಬೇಕಾದದ್ದು ವೈದ್ಯರು, ಔಷಧ ಮತ್ತು ಹತ್ತಿರ ಕುಳಿತುಕೊಳ್ಳುವ ಮಕ್ಕಳು.

ಎಂಬತ್ತೈದು ದಾಟಿದ ಅಜ್ಜಿಯೊಬ್ಬರು ಅನ್ನ ಬೇಡವೆಂದ ಮೂರನೆಯ ದಿನಕ್ಕೆ ಓಣಿಯಲ್ಲಿ ಫ್ಲೆಕ್ಸ್ ಏಳುವ ಪದ್ಧತಿ ಈಗ ಕೆಲವೆಡೆ ಬಂದಿದೆ: ಕುಟುಂಬದ ಹೆಸರು, ಮಕ್ಕಳ ಉದ್ಯಮಗಳ ಹೆಸರು, ದರ್ಶನದ ವೇಳೆ. ಆ ಅಜ್ಜಿಯ ಮನಸ್ಸಿನಲ್ಲೇನಿದೆ ಎಂದು ಬಾಗಿಲು ಹಾಕಿಕೊಂಡು ಒಂದು ಗಂಟೆ ಅವರನ್ನೇ ಕೇಳಿದವರು ಯಾರು? ನೋವಿಗೆ ಚಿಕಿತ್ಸೆ ನಡೆದಿದೆಯೇ, ಇದು ಅವರ ಸ್ವಂತ ನಿರ್ಧಾರವೇ, ನಾಳೆ ಗಂಜಿ ಬೇಕೆಂದರೆ ಫ್ಲೆಕ್ಸ್ ಕಟ್ಟಿದವರೆದುರು ಅದನ್ನು ಕೇಳುವ ಧೈರ್ಯ ಅವರಿಗೆ ಉಳಿದಿರುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಪಡೆಯುವ ಕೆಲಸ ಮಕ್ಕಳದು, ಸೊಸೆಯಂದಿರದು, ಮೊಮ್ಮಕ್ಕಳದು. ಉತ್ತರ ಬರುವವರೆಗೆ ಗಂಜಿಯ ಬಟ್ಟಲು ಅಜ್ಜಿಯ ಮಂಚದ ಪಕ್ಕದಲ್ಲೇ ಇರಲಿ.